ಶಾರ್ತ್ರದ ಬಣ್ಣದ ಗಾಜಿನ ಕಿಟಕಿ ನೋಡೋಕೆ ಒಂದು ದಿನ ಸಾಕಾ?

ದಾರಿಹೋಕ:
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಆಫೀಸಿನ ಕೆಲಸದ ಮೇಲೆ ಪ್ಯಾರಿಸ್‌ಗೆ ಹೋಗುತ್ತಿದ್ದೇನೆ. ಕೆಲಸ ಮುಗಿದ ಮೇಲೆ ಒಂದು ದಿನ ಖಾಲಿ ಸಿಗುತ್ತದೆ. ಹಳೇ ಕಾಲದ ಬಣ್ಣದ ಗಾಜಿನ ಕಿಟಕಿಗಳನ್ನು ಒಮ್ಮೆ ಸರಿಯಾಗಿ ನೋಡಬೇಕು ಅಂತ ಬಹಳ ಆಸೆ. ಒಬ್ಬ ಸ್ನೇಹಿತ "ಊರೊಳಗೇ ಸೇಂತ್ ಶಾಪೆಲ್ ಇದೆ, ಅದೇ ಸಾಕು" ಅನ್ನುತ್ತಾನೆ. ಇನ್ನೊಬ್ಬರು "ರೈಲು ಹತ್ತಿ ಶಾರ್ತ್ರ ಊರಿನ ದೊಡ್ಡ ಚರ್ಚಿಗೆ, ಅಲ್ಲಿನ ಕ್ಯಾಥೆಡ್ರಲ್‌ಗೆ ಹೋಗಿ" ಅನ್ನುತ್ತಾರೆ. ನನಗೆ ಬೈಬಲ್ ಕಥೆಗಳು ಅಷ್ಟಾಗಿ ಗೊತ್ತಿಲ್ಲ. ಸುಮ್ನೆ ಹೋಗಿ "ಆಹಾ" ಅಂದು ಫೋಟೊ ಹೊಡೆದು ಬರೋದು ಬೇಡ. ಏನು ನೋಡಬೇಕು, ಹೇಗೆ ನೋಡಬೇಕು, ಹೋಗಿ ಬಂದವರು ಹೇಳಿ.

ಸೀನ್ ನದಿ ದಂಡೆ:
ನಾನು ಪ್ಯಾರಿಸ್ ಹತ್ತಿರವೇ ಇರುವವಳು. ಮನೆಗೆ ಯಾರೇ ನೆಂಟರು ಬಂದರೂ ಶಾರ್ತ್ರಕ್ಕೆ ಎಳೆದುಕೊಂಡು ಹೋಗುತ್ತೇನೆ. ಅದಕ್ಕೆ ನನ್ನ ಮಾತನ್ನು ಸ್ವಲ್ಪ ಪಕ್ಷಪಾತ ಅಂತಲೇ ಇಟ್ಟುಕೊಳ್ಳಿ.

ಸೇಂತ್ ಶಾಪೆಲ್ ಚೆನ್ನಾಗಿಲ್ಲ ಅಂತಲ್ಲ. 1248ರಲ್ಲಿ ಪ್ರತಿಷ್ಠೆಯಾದ ಅರಮನೆಯ ಪ್ರಾರ್ಥನಾ ಮಂದಿರ ಅದು. ಸುತ್ತ 15 ಕಿಟಕಿ, ಅದರಲ್ಲಿ 1,113 ದೃಶ್ಯ. ಗೋಡೆಯೇ ಇಲ್ಲವೇನೋ ಅನ್ನಿಸುತ್ತದೆ. ಆದರೆ ಟಿಕೆಟ್, ಕ್ಯೂ, ಸೆಕ್ಯುರಿಟಿ ತಪಾಸಣೆ, ಒಳಗೆ ಹೆಗಲಿಗೆ ಹೆಗಲು ತಾಗುವ ಜನ. ಒಂದೇ ಕಡೆ ನಿಂತು ಅರ್ಧ ಗಂಟೆ ನೋಡೋಕೆ ಆಗಲ್ಲ.

ಶಾರ್ತ್ರಕ್ಕೆ ಮೊಂಪಾರ್ನಾಸ್ ನಿಲ್ದಾಣದಿಂದ ರೈಲು. ಒಂದು ಗಂಟೆ, ಸ್ವಲ್ಪ ಹೆಚ್ಚೂ ಆಗಬಹುದು. ರೈಲಿಳಿದು ನಡೆದೇ ಹೋಗಬಹುದು. ಕ್ಯಾಥೆಡ್ರಲ್ ಒಳಗೆ ಹೋಗೋಕೆ ದುಡ್ಡಿಲ್ಲ. ಕುರ್ಚಿ ಇದೆ, ಕೂತು ನೋಡಬಹುದು. 170ಕ್ಕೂ ಹೆಚ್ಚು ಕಿಟಕಿ, ಒಟ್ಟು 2,500 ಚದರ ಮೀಟರಿಗೂ ಜಾಸ್ತಿ ಗಾಜು. ಅದರಲ್ಲಿ ಬಹುಪಾಲು ಸುಮಾರು 1205ರಿಂದ 1240ರ ಒಳಗೆ ಮಾಡಿದ್ದು. ಇಷ್ಟು ಹಳೆಯ ಗಾಜು ಇಷ್ಟೊಂದು, ಇದ್ದ ಜಾಗದಲ್ಲೇ ಉಳಿದಿರುವ ಕಟ್ಟಡ ತುಂಬಾ ಅಪರೂಪ.

ಒಂದೇ ಒಂದು ಕಿವಿಮಾತು: ಬೈನಾಕ್ಯುಲರ್ ತಗೊಂಡು ಹೋಗಿ. ಚಿಕ್ಕದಾದರೂ ಪರವಾಗಿಲ್ಲ. ಅದಿಲ್ಲದೆ ಮೇಲಿನ ಸಾಲಿನ ಕಿಟಕಿಗಳು ಬರೀ ಬಣ್ಣದ ಚುಕ್ಕೆಗಳಾಗಿ ಕಾಣುತ್ತವೆ.

ಹಳೇ ಪುಸ್ತಕ:
ಮೇಡಂ ಹೇಳಿದ್ದಕ್ಕೆ ನನ್ನ ಓಟು. ಇತಿಹಾಸ ಪಾಠ ಮಾಡಿದವನು, ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

1194ರ ಜೂನ್‌ನಲ್ಲಿ ಶಾರ್ತ್ರದ ಹಳೆಯ ಕ್ಯಾಥೆಡ್ರಲ್‌ಗೆ ಬೆಂಕಿ ಬಿತ್ತು. ಹೆಚ್ಚುಕಮ್ಮಿ ಎಲ್ಲವೂ ಹೋಯಿತು. ಉಳಿದದ್ದು ನೆಲಮಾಳಿಗೆ ಮತ್ತು ಪಶ್ಚಿಮದ ಮುಂಭಾಗ. ಆ ಮುಂಭಾಗದಲ್ಲಿ ಮೂರು ಉದ್ದನೆಯ ಕಿಟಕಿಗಳಿವೆ. ಅವು ಸುಮಾರು 1150ರವು, ಅಂದರೆ ಬೆಂಕಿಗಿಂತ ಹಳೆಯವು. ಒಳಗೆ ನಿಂತು ಬಾಗಿಲ ಕಡೆ ತಿರುಗಿ ನೋಡಿದರೆ ಬಲಗಡೆ ಇರುವುದು ಯೇಸುವಿನ ವಂಶವೃಕ್ಷ. ಮಲಗಿರುವ ಇಷಾಯನ (ದಾವೀದ ರಾಜನ ತಂದೆ) ಮೈಯಿಂದ ಒಂದು ಮರ ಎದ್ದು, ರಾಜರು ಒಬ್ಬರ ಮೇಲೊಬ್ಬರು ಕೂತು, ತುದಿಯಲ್ಲಿ ಯೇಸು. ನಡುವಿನದು ಯೇಸುವಿನ ಜನನ, ಬಾಲ್ಯ. ಎಡಗಡೆಯದು ಶಿಲುಬೆ ಮತ್ತು ಪುನರುತ್ಥಾನ. ಬೈಬಲ್ ಗೊತ್ತಿಲ್ಲದವರು ಇಲ್ಲಿಂದ ಶುರು ಮಾಡುವುದು ಒಳ್ಳೆಯದು. ಇಡೀ ಕಥೆಯ ಅಸ್ಥಿಪಂಜರ ಈ ಮೂರರಲ್ಲೇ ಇದೆ.

ಬೆಂಕಿಯಲ್ಲಿ ಉಳಿದ ಇನ್ನೊಂದು ಗಾಜು ಇದೆ. ನೀಲಿ ಬಟ್ಟೆ ಉಟ್ಟು, ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡ ಮಾತೆ ಮರಿಯಮ್ಮ. ನಡುವಿನ ಭಾಗ ಸುಮಾರು 1180ರದು. ಆಮೇಲೆ ಹೊಸ ಕಟ್ಟಡ ಕಟ್ಟಿದಾಗ ಸುತ್ತ ದೇವದೂತರನ್ನು ಹೊಸದಾಗಿ ಮಾಡಿ, ಅವಳನ್ನು ನಡುವೆ ಕೂರಿಸಿದರು. ಕಾಯಿರ್‌ನ, ಅಂದರೆ ಪೀಠದ ಹತ್ತಿರ ಪಾದ್ರಿಗಳು ಕೂರುವ ಭಾಗದ, ದಕ್ಷಿಣಕ್ಕೆ ಇದೆ. ಅವಳ ಬಟ್ಟೆಯ ನೀಲಿ ತಿಳಿ, ಸುತ್ತಲಿನ 13ನೇ ಶತಮಾನದ ನೀಲಿ ಗಾಢ. ಎರಡೂ ಒಂದೇ ಚೌಕಟ್ಟಿನಲ್ಲಿ ಇರುವುದರಿಂದ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಓದುವ ಕ್ರಮ: ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ, ಎಡದಿಂದ ಬಲಕ್ಕೆ. ಎಲ್ಲ ಕಿಟಕಿಗೂ ಇದು ಹೊಂದಲ್ಲ, ಆದರೆ ಶುರು ಮಾಡೋಕೆ ಸಾಕು.

ಒಂದೇ ಕಿಟಕಿಗೆ ಸಮಯ ಕೊಡುವುದಾದರೆ ಸಮಾರ್ಯದವನ ಕಿಟಕಿಗೆ ಕೊಡಿ. ದಕ್ಷಿಣದ ಪಕ್ಕದ ಸಾಲಿನಲ್ಲಿ ಕೆಳಮಟ್ಟದಲ್ಲೇ ಇದೆ. ಕಥೆ ನಿಮಗೂ ಗೊತ್ತಿರಬಹುದು. ಜೆರುಸಲೇಮಿನಿಂದ ಜೆರಿಕೋಗೆ ಹೋಗುತ್ತಿದ್ದವನನ್ನು ಕಳ್ಳರು ಹೊಡೆದು ದೋಚುತ್ತಾರೆ. ಪೂಜಾರಿಯೂ ನೋಡಿಕೊಂಡು ಮುಂದೆ ಹೋಗುತ್ತಾನೆ. ಯಾರೂ ಲೆಕ್ಕಕ್ಕಿಡದ ಸಮಾರ್ಯದವನು ನಿಂತು, ಗಾಯಕ್ಕೆ ಕಟ್ಟು ಕಟ್ಟಿ, ಛತ್ರಕ್ಕೆ ಸೇರಿಸುತ್ತಾನೆ. ಇದು ಕಿಟಕಿಯ ಕೆಳಭಾಗ. ಮೇಲೆ ಹೋದರೆ ಇದ್ದಕ್ಕಿದ್ದಂತೆ ಆದಾಮ, ಹವ್ವ, ಹಣ್ಣು, ಹೊರದಬ್ಬುವ ದೇವದೂತ! ಮೊದಲ ಸಲ ನೋಡಿದವರಿಗೆ "ಇದೇನು, ಎರಡು ಕಿಟಕಿ ಕಲಸಿಹೋಗಿದೆಯಾ" ಅನ್ನಿಸುತ್ತದೆ. ಆದರೆ ಆ ಕಾಲದ ಪಂಡಿತರು ಈ ಕಥೆಯನ್ನು ಹಾಗೇ ಅರ್ಥ ಮಾಡುತ್ತಿದ್ದರು. ದಾರಿಯಲ್ಲಿ ಹೊಡೆತ ತಿಂದವನು ಆದಾಮ, ಅಂದರೆ ಮನುಷ್ಯಕುಲ. ಎತ್ತಿಕೊಂಡ ಸಮಾರ್ಯದವನು ಯೇಸು. ಛತ್ರ ಅಂದರೆ ಚರ್ಚ್. ಒಂದು ಕಥೆಯ ಮೇಲೆ ಅದರ ಭಾಷ್ಯವನ್ನೂ ಗಾಜಿನಲ್ಲೇ ಬರೆದಿಟ್ಟಿದ್ದಾರೆ.

ಬಂದರು ಬದಿ:
ಹಳೇ ಪುಸ್ತಕದವರೇ, ಇದನ್ನು ಓದಿ ಒಂದು ಅನುಮಾನ. "ಓದು ಬಾರದ ಬಡವರಿಗೆ ಬೈಬಲ್" ಅಂತ ಈ ಕಿಟಕಿಗಳನ್ನು ಎಲ್ಲರೂ ಕರೆಯುತ್ತಾರಲ್ಲ ಮಾರಾಯ್ರೆ. ನಾನು ಹುಟ್ಟಿದಾಗಿನಿಂದ ಚರ್ಚಿಗೆ ಹೋಗುವವನು, ಕಥೆಗಳೆಲ್ಲ ಬಾಯಿಪಾಠ. ಆದರೂ ನೀವು ಹೇಳಿದ ಆದಾಮನ ಲೆಕ್ಕ ನನಗೆ ತಾನಾಗಿ ಹೊಳೆಯುತ್ತಿರಲಿಲ್ಲ. ಓದು ಬಾರದ ರೈತ ಅದನ್ನು ನೋಡಿ ತಿಳಿದುಕೊಳ್ಳೋದು ಹೇಗೆ?

ಹಳೇ ಪುಸ್ತಕ:
ತಿಳಿಯುತ್ತಿರಲಿಲ್ಲ ಅಂತಲೇ ನನ್ನ ಅಭಿಪ್ರಾಯ. ಯಾರಾದರೂ ಪಾದ್ರಿ ನಿಂತು ವಿವರಿಸಿದರೆ ಮಾತ್ರ. ಮೇಲಿನ ಸಾಲಿನ ಕಿಟಕಿಗಳಂತೂ ಬರಿಗಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಗೊತ್ತಿರುವ ಕಥೆಯನ್ನು ನೆನಪಿಸೋಕೆ ಚಿತ್ರ ಒಳ್ಳೆಯದು, ಗೊತ್ತಿಲ್ಲದ್ದನ್ನು ಕಲಿಸೋಕೆ ಕಷ್ಟ. ಜೊತೆಗೆ, ಆ ಬಣ್ಣದ ಬೆಳಕಿಗೇ ಒಂದು ಪೂಜ್ಯತೆ ಇತ್ತು. ಎಲ್ಲವನ್ನೂ ಪಾಠದ ಲೆಕ್ಕದಲ್ಲಿ ನೋಡಬೇಕಿಲ್ಲ.

ದೇವರಾಜ ಮಾರ್ಕೆಟ್:
ಮೈಸೂರಿನವನು. ಬಣ್ಣದ ಗಾಜು ಅಂದರೆ ನನಗೆ ಮೊದಲು ನೆನಪಾಗೋದು ನಮ್ಮ ಫಿಲೋಮಿನಾ ಚರ್ಚ್. 1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಹಾಕಿದ್ದು. ಅದೂ ಗಾಥಿಕ್ಕೇ ಅಲ್ವಾ? ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಸೀನ್ ನದಿ ದಂಡೆ:
ಅದು ಹೊಸ ಗಾಥಿಕ್. ಮೊನಚು ಕಮಾನಿನ ಹಳೆಯ ಗಾಥಿಕ್ ಶೈಲಿಯನ್ನು ನೋಡಿಕೊಂಡು 700 ವರ್ಷ ಆದ ಮೇಲೆ ಕಟ್ಟಿದ್ದು. ಆ ಹೊತ್ತಿಗೆ ಗಾಜಿನ ಕೆಲಸವೇ ಬದಲಾಗಿತ್ತು. ದೊಡ್ಡ ಗಾಜಿನ ಮೇಲೆ ಕ್ಯಾನ್ವಾಸ್ ಮೇಲೆ ಬರೆದಂತೆ ಚಿತ್ರ ಬರೆಯುವುದು ಬಂದಿತ್ತು. ಶಾರ್ತ್ರದಲ್ಲಿ ಬಣ್ಣ ಬಳಿದದ್ದಲ್ಲ, ಗಾಜಿಗೇ ಬಣ್ಣ. ಕೆಂಪು ಬೇಕಾದರೆ ಕೆಂಪು ಗಾಜಿನ ತುಂಡು, ಹಸಿರು ಬೇಕಾದರೆ ಹಸಿರು ತುಂಡು. ಎಲ್ಲವನ್ನೂ ಸೀಸದ ಪಟ್ಟಿಯಲ್ಲಿ ಕೂರಿಸಿರುತ್ತಾರೆ. ಮುಖ, ಬಟ್ಟೆಯ ನಿರಿಗೆ ಇವಕ್ಕೆ ಮಾತ್ರ ಕಪ್ಪು ಗೆರೆ.

ಕುಲುಮೆ:
ಗಾಜಿನ ಕಾರ್ಖಾನೆಯಲ್ಲಿ ಕೆಲಸ ಮಾಡುವವನು ನಾನು. ಇಷ್ಟು ಹೊತ್ತು ಸುಮ್ಮನಿದ್ದೆ, ಈಗ ಕೈ ಕಡಿಯುತ್ತಿದೆ.

12ನೇ ಶತಮಾನದ ಶುರುವಿನಲ್ಲಿ ಥಿಯೋಫಿಲಸ್ ಅನ್ನುವ ಸನ್ಯಾಸಿ ಗಾಜಿನ ಕೆಲಸದ ಬಗ್ಗೆ ವಿವರವಾಗಿ ಬರೆದಿಟ್ಟಿದ್ದಾನೆ. ಎರಡು ಪಾಲು ಬೀಚ್ ಮರದ ಬೂದಿ, ಒಂದು ಪಾಲು ಮರಳು. ಇದೇ ಗಾಜು. ಬೂದಿಯಲ್ಲಿರುವ ಪೊಟ್ಯಾಷ್ ಮರಳನ್ನು ಬೇಗ ಕರಗಿಸುತ್ತದೆ. ಆ ಬೂದಿಯಲ್ಲೇ ಮ್ಯಾಂಗನೀಸ್, ಕಬ್ಬಿಣ ಸ್ವಲ್ಪ ಇರುತ್ತವೆ. ಕುಲುಮೆಯ ಬೆಂಕಿ, ಹೊಗೆ ಹೆಚ್ಚುಕಡಿಮೆಯಾದ ಹಾಗೆ ಬಣ್ಣವೂ ಬದಲಾಗುತ್ತದೆ. ತಾಮ್ರ ಹಾಕಿದರೆ ಕೆಂಪು, ಆದರೆ ದಪ್ಪ ಗಾಜಾದರೆ ಕಪ್ಪಗೆ ಕಾಣುತ್ತದೆ. ಅದಕ್ಕೆ ಬಿಳಿ ಗಾಜಿನ ಮೇಲೆ ತೆಳುವಾದ ಕೆಂಪು ಪದರ ಬರುವ ಹಾಗೆ ಊದುತ್ತಿದ್ದರು. ನೀಲಿಗೆ ಕೋಬಾಲ್ಟ್.

ಗಾಜು ಕತ್ತರಿಸೋಕೆ ವಜ್ರದ ಮೊನೆ ಇನ್ನೂ ಬಂದಿರಲಿಲ್ಲ. ಕಾದ ಕಬ್ಬಿಣ ಇಟ್ಟು ಬಿರುಕು ಬಿಡಿಸಿ, ಆಮೇಲೆ ಅಂಚನ್ನು ಚೂರುಚೂರೇ ಕಚ್ಚಿ ತೆಗೆಯುತ್ತಿದ್ದರು. ಕಾಗದವೂ ಇಲ್ಲ. ಸುಣ್ಣ ಬಳಿದ ಮರದ ಹಲಗೆಯ ಮೇಲೆ ಪೂರ್ತಿ ಅಳತೆಯ ಚಿತ್ರ ಬರೆದು, ಅದರ ಮೇಲೇ ಗಾಜು ಜೋಡಿಸುತ್ತಿದ್ದರು. ಮೇಡಂ ಹೇಳಿದ ಕಪ್ಪು ಗೆರೆ ಇದೆಯಲ್ಲ, ಅದು ಲೋಹದ ಬೂದಿ ಮತ್ತು ಗಾಜಿನ ಪುಡಿ. ವೈನ್ ಅಥವಾ ಮೂತ್ರದಲ್ಲಿ ಕಲಸಿ ಬರೆದು, ಗೂಡಿನಲ್ಲಿ ಸುಡುತ್ತಿದ್ದರು. ಹೌದು, ಮೂತ್ರವೇ. ಮುಖ ಸಿಂಡರಿಸಬೇಡಿ.

ಈಗ ನೀಲಿಯ ವಿಷಯ. "ಶಾರ್ತ್ರ ನೀಲಿಯ ಗುಟ್ಟು ಯಾರಿಗೂ ಗೊತ್ತಿಲ್ಲ, ಕಳೆದುಹೋಗಿದೆ" ಅಂತ ಗೈಡ್‌ಗಳು ಹೇಳುತ್ತಾರೆ. ಅಂಥಾ ಗುಟ್ಟೇನೂ ಇಲ್ಲ. ಪರೀಕ್ಷೆ ಮಾಡಿ ನೋಡಿದ್ದಾರೆ. 12ನೇ ಶತಮಾನದ ಆ ತಿಳಿ ನೀಲಿ ಬೂದಿ ಗಾಜಲ್ಲ, ಸೋಡಾ ಗಾಜು, ಅಂದರೆ ಪೊಟ್ಯಾಷ್ ಬದಲು ಸೋಡಾ ಹಾಕಿ ಮರಳು ಕರಗಿಸಿದ್ದು. ಪೊಟ್ಯಾಷ್ ಗಾಜು ತೇವ ತಗೊಂಡರೆ ಒಳಗಿನ ಪೊಟ್ಯಾಸಿಯಂ ಹೊರಗೆ ಬಂದು, ಮೇಲ್ಮೈಯಲ್ಲಿ ಗುಳಿ ಬಿದ್ದು, ಮಬ್ಬಾಗುತ್ತದೆ. ಸೋಡಾ ಗಾಜು ಅಷ್ಟು ಬೇಗ ಸವೆಯಲ್ಲ. ಪಕ್ಕದ ಕೆಂಪು, ಹಸಿರು ಕಂದಿದರೂ ನೀಲಿ ಹಾಗೇ ನಿಂತಿತು. ಇಂದು ನಾವು "ಏನು ನೀಲಿ ಇದು" ಅಂತ ಬೆರಗಾಗುವುದರಲ್ಲಿ ಅಕ್ಕಪಕ್ಕದ ಬಣ್ಣಗಳ ಕೊಳೆಯ ಪಾಲೂ ಇದೆ!

ಪ್ರಶ್ನೆಪತ್ರಿಕೆ:
ಹಳೇ ಗಾಜು ಕೆಳಗೆ ದಪ್ಪ, ಮೇಲೆ ತೆಳು ಇರುತ್ತದಂತೆ. ಗಾಜು ನಿಜಕ್ಕೂ ದ್ರವ, ನೂರಾರು ವರ್ಷದಲ್ಲಿ ನಿಧಾನಕ್ಕೆ ಕೆಳಗೆ ಇಳಿಯುತ್ತದೆ ಅಂತ ನಮ್ಮ ಮೇಷ್ಟ್ರು ಹೇಳಿದ್ದರು. ಸರೀನಾ?

ಕುಲುಮೆ:
ಈ ಮೇಷ್ಟ್ರು ಎಲ್ಲರ ಶಾಲೆಯಲ್ಲೂ ಇದ್ದರು ಅಂತ ಕಾಣುತ್ತದೆ 😄

ಗಾಜು ಇಳಿಯಲ್ಲ. ಊದಿ, ಚಪ್ಪಟೆ ಮಾಡಿದ ಗಾಜು ಎಲ್ಲ ಕಡೆ ಒಂದೇ ದಪ್ಪ ಬರುತ್ತಿರಲಿಲ್ಲ. ದಪ್ಪ ಬದಿ ಕೆಲವು ಕಡೆ ಕೆಳಗಿದೆ, ಕೆಲವು ಕಡೆ ಮೇಲಿದೆ, ಪಕ್ಕಕ್ಕೂ ಇದೆ. 2017ರಲ್ಲಿ ಲಂಡನ್ನಿನ ವೆಸ್ಟ್‌ಮಿನ್ಸ್ಟರ್ ಅಬೆಯ ಹಳೇ ಗಾಜಿನ ಹಾಗೇ ಗಾಜು ತಯಾರಿಸಿ ಲೆಕ್ಕ ಹಾಕಿದರು. ನೂರು ಕೋಟಿ ವರ್ಷ ಬಿಟ್ಟರೆ ಹೆಚ್ಚೆಂದರೆ ಒಂದು ನ್ಯಾನೋಮೀಟರ್ ಹರಿಯಬಹುದಂತೆ. ಶಾರ್ತ್ರದ ಗಾಜಿಗೆ ಇನ್ನೂ 900 ವರ್ಷವೂ ತುಂಬಿಲ್ಲ.

ಬಾಗುವುದು ಸೀಸ. ಅದು ಮೆತ್ತಗಿನ ಲೋಹ. ವರ್ಷಗಟ್ಟಲೆ ಬಿಸಿಲಿಗೆ ಹಿಗ್ಗಿ, ಚಳಿಗೆ ಕುಗ್ಗಿ, ಭಾರಕ್ಕೆ ಹೊಟ್ಟೆ ಬಿಡುತ್ತದೆ. ಅದಕ್ಕೇ ನೂರು, ನೂರೈವತ್ತು ವರ್ಷಕ್ಕೊಮ್ಮೆ ಬಿಚ್ಚಿ ಹೊಸ ಸೀಸ ಕಟ್ಟಬೇಕಾಗುತ್ತದೆ.

ಬಂದರು ಬದಿ:
ಕಿಟಕಿಗಳ ಅಡಿಯಲ್ಲಿ ಬೇಕರಿಯವರು, ಚಮ್ಮಾರರು, ಬಡಗಿಗಳು ಎಲ್ಲ ಇದ್ದಾರಂತೆ. ಅವರೇ ದುಡ್ಡು ಕೂಡಿಸಿ ಕೊಟ್ಟದ್ದು ಅಂತ ಓದಿದ್ದೆ. ನನಗೆ ಅದೇ ಜಾಸ್ತಿ ಇಷ್ಟವಾದ ಸಂಗತಿ.

ಹಳೇ ಪುಸ್ತಕ:
ಇದ್ದಾರೆ. 40ಕ್ಕೂ ಹೆಚ್ಚು ಕಿಟಕಿಗಳಲ್ಲಿ ಕಸುಬಿನವರ ಚಿತ್ರವಿದೆ. ನೋಹನ ಕಿಟಕಿಯ ಅಡಿಯಲ್ಲಿ ಬಡಗಿಗಳು, ಗಾಡಿ ಚಕ್ರ ಮಾಡುವವರು, ಪೀಪಾಯಿ ಮಾಡುವವರು. ನಾವೆ ಕಟ್ಟಿದವನಿಗೆ ತಕ್ಕ ನೆರೆ. ಸಮಾರ್ಯದವನ ಅಡಿಯಲ್ಲಿ ಚಮ್ಮಾರರು. ಸಂತ ಲೂಬಿನ್ ಕಿಟಕಿಯಲ್ಲಿ ವೈನ್ ವ್ಯಾಪಾರಿಗಳು, ಗಾಡಿಯ ಮೇಲೆ ಪೀಪಾಯಿ ಸಾಗಿಸುತ್ತಿದ್ದಾರೆ. ಯೋಸೇಫನ ಕಿಟಕಿಯಲ್ಲಿ ನಾಣ್ಯ ಬದಲಾಯಿಸುವವರು. ತುಪ್ಪಳದ ವ್ಯಾಪಾರಿಯೊಬ್ಬ ಗಿರಾಕಿಯ ಮುಂದೆ ಸರಕು ಬಿಡಿಸಿ ಹಿಡಿದಿದ್ದಾನೆ, ಅವನು ನನಗೆ ಬಹಳ ಇಷ್ಟ.

ಆದರೆ ಇವರೇ ದಾನ ಕೊಟ್ಟರು ಅನ್ನುವುದರ ಬಗ್ಗೆ ಇತಿಹಾಸಕಾರರಲ್ಲಿ ಜಗಳವಿದೆ. ಆ ಹೊತ್ತಿಗೆ ಶಾರ್ತ್ರದಲ್ಲಿ ಕಸುಬಿನವರ ಸಂಘಗಳು ಅಷ್ಟು ಗಟ್ಟಿಯಾಗಿ ಕಟ್ಟಿಕೊಂಡಿರಲಿಲ್ಲ ಅನ್ನುತ್ತಾರೆ ಕೆಲವರು. ಕ್ಯಾಥೆಡ್ರಲ್ ಪಾದ್ರಿಗಳಿಗೂ ಊರಿನವರಿಗೂ ಸಂಬಂಧ ಅಷ್ಟಕ್ಕಷ್ಟೇ. 1210ರಲ್ಲಿ ಊರಿನ ಜನ ದಂಗೆ ಎದ್ದು ಪಾದ್ರಿಗಳ ಮುಖ್ಯಸ್ಥನ ಮನೆ ಮೇಲೆ ನುಗ್ಗಿದ್ದರು. ಅದೇ ವರ್ಷಗಳಲ್ಲಿ ಈ ಕಿಟಕಿಗಳು ಏಳುತ್ತಿದ್ದವು. ಹಾಗಾಗಿ "ನಮ್ಮ ಜನ ಸಂತೋಷವಾಗಿ ದುಡಿದು ನಮಗೆ ಕೊಡುತ್ತಿದ್ದಾರೆ" ಅಂತ ಪಾದ್ರಿಗಳೇ ಬರೆಸಿಕೊಂಡ ಚಿತ್ರ ಇದು ಅನ್ನುವ ವಾದ ಇದೆ.

ಬಂದರು ಬದಿ:
ಅಯ್ಯೋ, ಖುಷಿಯಾಗಿ ಇರೋಕೂ ಬಿಡಲ್ಲ ನೀವು.

ಸೀನ್ ನದಿ ದಂಡೆ:
ದೊಡ್ಡವರ ದಾನದಲ್ಲಿ ಅನುಮಾನವೇ ಇಲ್ಲ, ಹೆಸರು ಹಾಕಿಸಿಕೊಂಡೇ ಹೋಗಿದ್ದಾರೆ. ಉತ್ತರದ ದೊಡ್ಡ ಗುಲಾಬಿ ಕಿಟಕಿ, ಅಂದರೆ ಹೂವಿನಾಕಾರದ ದುಂಡು ಕಿಟಕಿ ನೋಡಿ. ನೀಲಿ ಮೇಲೆ ಚಿನ್ನದ ಬಣ್ಣದ ಲಿಲಿ ಹೂ, ಅದು ಫ್ರಾನ್ಸ್ ರಾಜಮನೆತನದ ಗುರುತು. ಕೆಂಪು ಮೇಲೆ ಕೋಟೆ, ಅದು ಸ್ಪೇನಿನ ಕಾಸ್ಟೀಲ್ ರಾಜಮನೆತನದ ಗುರುತು. ಫ್ರಾನ್ಸಿನ ರಾಣಿ ಬ್ಲಾಂಶ್ ಆ ಮನೆತನದ ಮಗಳು. ಎದುರಿಗೆ, ದಕ್ಷಿಣದ ಗುಲಾಬಿಯ ಅಡಿಯಲ್ಲಿ ಬ್ರಿಟನಿಯ ಡ್ಯೂಕ್ ಪಿಯರ್ ತನ್ನ ಹೆಂಡತಿ ಮಕ್ಕಳ ಸಮೇತ ಮೊಣಕಾಲೂರಿ ಕೂತಿದ್ದಾನೆ. ಬ್ಲಾಂಶ್ ತನ್ನ ಮಗನ ಪರವಾಗಿ ರಾಜ್ಯ ನೋಡಿಕೊಳ್ಳುತ್ತಿದ್ದಾಗ ಅವಳ ವಿರುದ್ಧ ದಂಗೆ ಎದ್ದವರ ಮುಂದಾಳು ಈ ಪಿಯರ್ ಮಹಾಶಯ! ಅವಳ ಗುಲಾಬಿ ಆ ಕಡೆ, ಇವನ ಗುಲಾಬಿ ಈ ಕಡೆ. ಮಧ್ಯೆ ನಿಂತರೆ ಇಬ್ಬರ ಪೈಪೋಟಿ ನಿಮ್ಮ ತಲೆ ಮೇಲೇ ನಡೆಯುತ್ತದೆ.

ದಕ್ಷಿಣದ ಗುಲಾಬಿ ಕೆಳಗೆ ಇನ್ನೊಂದು ವಿಚಿತ್ರ. ಯೇಸುವಿನ ಕಥೆ ಬರೆದ ನಾಲ್ವರು ಶುಭಸಂದೇಶಕಾರರು ನಾಲ್ವರು ಹಳೇ ಪ್ರವಾದಿಗಳ ಹೆಗಲೇರಿ ಕೂತಿದ್ದಾರೆ. ಬೈಬಲ್ಲಿನ ಹೊಸ ಒಡಂಬಡಿಕೆ ಹಳೆಯದರ ಮೇಲೆ ನಿಂತಿದೆ ಅಂತ. ಮಕ್ಕಳನ್ನು ಕರೆದುಕೊಂಡು ಹೋದರೆ ಮೊದಲು ಇದನ್ನೇ ತೋರಿಸಿ, ಬೇರೆ ಯಾವ ಕಿಟಕಿಗೂ ಅಷ್ಟು ನಗಲ್ಲ.

ಕಣ್ಣಿನ ಡಾಕ್ಟರ್:
ಒಂದು ಸಣ್ಣ ಸಲಹೆ. ಹೊರಗಿನ ಬಿಸಿಲಿನಿಂದ ಒಳಗೆ ಹೋದ ತಕ್ಷಣ ತೀರ್ಮಾನ ಮಾಡಬೇಡಿ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳೋಕೆ ಇಪ್ಪತ್ತು, ಮೂವತ್ತು ನಿಮಿಷ ಬೇಕು. ಮೊಬೈಲ್ ಪರದೆ ನೋಡಿದಿರೋ, ಮತ್ತೆ ಹಾಳು.

ಇನ್ನೊಂದು: ಬೆಳಕು ಕಡಿಮೆಯಾದಂತೆ ನಮ್ಮ ಕಣ್ಣಿಗೆ ಕೆಂಪು ಬೇಗ ಕಪ್ಪಾಗಿ ಕಾಣುತ್ತದೆ, ನೀಲಿ ಎದ್ದು ಕಾಣುತ್ತದೆ. ಸಂಜೆ ಆದ ಮೇಲೆ ಅದೇ ಕಿಟಕಿ ಬೇರೆಯಾಗಿ ಕಾಣೋದು ಗಾಜಿನಿಂದ ಮಾತ್ರ ಅಲ್ಲ, ಕಣ್ಣಿನಿಂದಲೂ. ಆಗುವುದಾದರೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಒಳಗೆ ಹೋಗಿ. ಮೋಡ ಕವಿದಿದೆ ಅಂತ ಪ್ರಯಾಣ ರದ್ದು ಮಾಡಬೇಡಿ. ಮೋಡದ ದಿನ ಬೆಳಕು ಎಲ್ಲ ಕಡೆ ಸಮನಾಗಿರುತ್ತದೆ, ಚಿತ್ರ ಓದೋಕೆ ಅದೇ ವಾಸಿ.

ದಾರಿಹೋಕ:
ಅಬ್ಬಾ, ಇಷ್ಟೊಂದು ಉತ್ತರ! ಶಾರ್ತ್ರವೇ ಅಂತ ಗಟ್ಟಿ ಮಾಡಿದೆ, ರೈಲು ಟಿಕೆಟ್ ನೋಡುತ್ತಿದ್ದೇನೆ. ಒಂದು ಪ್ರಶ್ನೆ. ಎರಡು ಮಹಾಯುದ್ಧ ನಡೆದ ದೇಶದಲ್ಲಿ ಇಷ್ಟು ಗಾಜು ಒಡೆಯದೆ ಉಳಿದದ್ದು ಹೇಗೆ?

ಹಳೇ ಪುಸ್ತಕ:
ಬಿಚ್ಚಿ ಇಟ್ಟರು, ಅದಕ್ಕೆ ಉಳಿಯಿತು. 1918ರಲ್ಲಿ ಒಮ್ಮೆ, 1939ರಲ್ಲಿ ಇನ್ನೊಮ್ಮೆ. ಎರಡನೇ ಸಲ ಯುದ್ಧ ಬರುತ್ತದೆ ಅಂತ ಮೊದಲೇ ಲೆಕ್ಕ ಹಾಕಿ ತಯಾರಿ ಮಾಡಿಕೊಂಡಿದ್ದರು. ಊರಿನ ಪಕ್ಕದಲ್ಲೇ ಯುದ್ಧವಿಮಾನ ನಿಲ್ದಾಣ ಇತ್ತು, ಬಾಂಬ್ ಬೀಳುವುದು ಗ್ಯಾರಂಟಿ ಅಂತ ಭಯ. ಕಿಟಕಿಗಳನ್ನು ಬಿಚ್ಚಿ, ಪೆಟ್ಟಿಗೆಗೆ ತುಂಬಿ, ಮೊದಲು ಕ್ಯಾಥೆಡ್ರಲ್ಲಿನ ನೆಲಮಾಳಿಗೆಯಲ್ಲಿ ಇಟ್ಟರು. 1940ರಲ್ಲಿ ಜರ್ಮನ್ ಸೈನ್ಯ ಹತ್ತಿರ ಬಂದಾಗ ದಕ್ಷಿಣಕ್ಕೆ, ದೋರ್ದೋನ್ ಪ್ರದೇಶದ ಒಂದು ಕಲ್ಲುಗಣಿಗೆ ಸಾಗಿಸಿದರು. ಯುದ್ಧ ಮುಗಿದ ಮೇಲೆ ವಾಪಸ್ ತಂದು, ಒಂದೊಂದಾಗಿ ಮತ್ತೆ ಕೂರಿಸಿದರು.

ಕಿಟಕಿ ಇಲ್ಲದಿದ್ದರೂ ಕಟ್ಟಡ ಹೋಗುವುದರಲ್ಲಿತ್ತು. 1944ರ ಆಗಸ್ಟಿನಲ್ಲಿ ಅಮೆರಿಕನ್ನರು ಊರಿಗೆ ನುಗ್ಗಿದಾಗ ಜರ್ಮನ್ನರು ಗೋಪುರದಲ್ಲಿ ಅಡಗಿದ್ದಾರೆ ಅನ್ನುವ ಗುಮಾನಿ ಇತ್ತು. ಫಿರಂಗಿ ಹಾರಿಸುವ ಮಾತು ಬಂದಿತ್ತು. ಕರ್ನಲ್ ವೆಲ್ಬೋರ್ನ್ ಗ್ರಿಫಿತ್ ಅನ್ನುವವರು ತಾವೇ ಒಳಗೆ ಹೋಗಿ ಹುಡುಕಿ, ಯಾರೂ ಇಲ್ಲ ಅಂತ ಖಚಿತ ಮಾಡಿದರು. ಅದೇ ದಿನ, ಆಗಸ್ಟ್ 16ರಂದು, ಪಕ್ಕದ ಲೇವ್ ಎಂಬಲ್ಲಿ ಗುಂಡೇಟಿಗೆ ಸತ್ತರು.

ಆದರೆ ಎಲ್ಲವೂ ಉಳಿಯಲಿಲ್ಲ. ಅದೇ ವರ್ಷ ಮೇ 26ರಂದು ಬಿದ್ದ ಬಾಂಬಿಗೆ ಊರಿನ ಗ್ರಂಥಾಲಯ ಸುಟ್ಟುಹೋಯಿತು. ಶಾರ್ತ್ರದ ಮಧ್ಯಕಾಲದ ಹಸ್ತಪ್ರತಿಗಳು ಅದರಲ್ಲಿದ್ದವು. ಹಲವು ಪೂರ್ತಿ ಬೂದಿಯಾದವು. ಕಿಟಕಿ ಮಾಡಿಸಿದ ಪಾದ್ರಿಗಳು ಓದುತ್ತಿದ್ದ ಪುಸ್ತಕಗಳು! ಇದನ್ನು ಯಾವ ಗೈಡೂ ಹೇಳಲ್ಲ.

ಕುಲುಮೆ:
ಯುದ್ಧದಿಂದ ಉಳಿಸಿಕೊಂಡರು, ಸರಿ. ಮನೆಯವರೇ ಒಡೆದದ್ದನ್ನೂ ಹೇಳಿ ಸರ್. 18ನೇ ಶತಮಾನದಲ್ಲಿ ಅಲ್ಲಿನ ಪಾದ್ರಿಗಳಿಗೆ "ಒಳಗೆ ಕತ್ತಲು ಜಾಸ್ತಿ, ಹೊಸ ಅಮೃತಶಿಲೆಯ ಮೂರ್ತಿ ಸರಿಯಾಗಿ ಕಾಣುತ್ತಿಲ್ಲ" ಅನ್ನಿಸಿ, ಕಾಯಿರ್ ಸುತ್ತಲಿನ ಹಲವು 13ನೇ ಶತಮಾನದ ಕಿಟಕಿಗಳನ್ನು ಕಿತ್ತು ಬಿಳಿ ಗಾಜು ಹಾಕಿಸಿದರು.

ಸೀನ್ ನದಿ ದಂಡೆ:
ಬೆಳಕಿನ ವಿಷಯ ಎತ್ತಿದಿರಲ್ಲ, ಇನ್ನು ಈ ಚರ್ಚೆ ಮುಗಿಯಲ್ಲ 😀

ದಾರಿಹೋಕರೇ, ಹಳೇ ಫೋಟೊಗಳಲ್ಲಿ ಶಾರ್ತ್ರದ ಒಳಗೋಡೆ ಕಪ್ಪು ಬೂದು. ನೀವು ಹೋದಾಗ ಕೆನೆ ಬಣ್ಣ ಕಾಣುತ್ತದೆ. 2009ರ ಹೊತ್ತಿಗೆ ಒಳಗೆ ದೊಡ್ಡ ಮಟ್ಟದ ಶುದ್ಧೀಕರಣ ಶುರುವಾಯಿತು. ಕೆಲಸ ಮಾಡಿದವರ ಪ್ರಕಾರ, ಮಸಿಯ ಅಡಿಯಲ್ಲಿ 13ನೇ ಶತಮಾನದ ಗಾರೆ ಬಹುಮಟ್ಟಿಗೆ ಹಾಗೇ ಇತ್ತು. ತಿಳಿ ಹಳದಿ ಬಣ್ಣ, ಅದರ ಮೇಲೆ ಕಲ್ಲಿನ ಸಂದು ಅನ್ನಿಸುವಂತೆ ಬಿಳಿ ಗೆರೆ. ಅದನ್ನೇ ತೊಳೆದು, ಹೋದ ಕಡೆ ತುಂಬಿದರು. ನೋಡಿದವರಲ್ಲಿ ಅರ್ಧ ಜನ ಕೈಮುಗಿದರು, ಅರ್ಧ ಜನ ಕೂಗಾಡಿದರು. 2014ರಲ್ಲಿ ಅಮೆರಿಕದ ಒಬ್ಬ ವಿಮರ್ಶಕರು ಬಹಳ ಖಾರವಾಗಿ ಬರೆದರು. ಸಹಿ ಸಂಗ್ರಹ ಆಯಿತು. ಕಂಬದ ಬಳಿಯ ಕಪ್ಪು ಮರಿಯಮ್ಮನ ಮೂರ್ತಿಯ ಮುಖವೂ ಬೆಳ್ಳಗಾಯಿತು. ಅದರಿಂದ ಭಕ್ತರಿಗೆ ಇನ್ನೂ ನೋವು.

ನನ್ನ ಮಾತು ಕೇಳಿದರೆ, ನಾನು ಬೇಸರವಾದವರ ಪಕ್ಷ. ಮೊದಲು ಒಳಗೆ ಹೋದರೆ ಕತ್ತಲಲ್ಲಿ ಕಿಟಕಿ ಮಾತ್ರ ತೇಲುತ್ತಿತ್ತು. ಈಗ ಗೋಡೆಯೂ ಬೆಳಕು, ಕಿಟಕಿಯೂ ಬೆಳಕು. ಕಣ್ಣು ಎಲ್ಲಿ ನಿಲ್ಲಬೇಕು?

ಕುಲುಮೆ:
ಮೇಡಂ, ನಾನು ಒಪ್ಪಲ್ಲ. ಆ ಕತ್ತಲು ಯಾರೂ ಮಾಡಿಸಿದ್ದಲ್ಲ. ಮೇಣದ ಬತ್ತಿಯ ಹೊಗೆ, ಒಲೆಯ ಮಸಿ, 1836ರಲ್ಲಿ ಛಾವಣಿಗೆ ಬಿದ್ದ ಬೆಂಕಿ, ಎಲ್ಲ ಸೇರಿ ಮೆತ್ತಿಕೊಂಡದ್ದು. ಗಾಜಿನ ಕೊಳೆಯನ್ನು ತೆಗೆದರೆ ಚಪ್ಪಾಳೆ, ಗೋಡೆಯ ಕೊಳೆ ತೆಗೆದರೆ ಗೋಳಾಟ. ಯಾಕೆ? ಕಿಟಕಿ ಮಾಡಿದವರು ತಿಳಿ ಬಣ್ಣದ ಗೋಡೆಗೆ ಅಂತಲೇ ಲೆಕ್ಕ ಹಾಕಿ ಗಾಢ ನೀಲಿ ಕೆಂಪು ಇಟ್ಟಿರಬಹುದು.

ಸೀನ್ ನದಿ ದಂಡೆ:
ಗಾಜಿಗೂ ಚಪ್ಪಾಳೆ ಬಿದ್ದಿಲ್ಲ! 1970ರ ದಶಕದಲ್ಲಿ ಪಶ್ಚಿಮದ ಆ ಮೂರು ಕಿಟಕಿಗಳನ್ನು ತೊಳೆದು, ಹೊರಗಡೆ ವಿಯಾಕ್ರಿಲ್ ಅನ್ನುವ ರಾಳದ ಪದರ ಬಳಿದರು. ಆಗ ಮನೆಸಿಯೆ, ಬಝೆನ್ ಅಂಥ ದೊಡ್ಡ ವರ್ಣಚಿತ್ರಕಾರರೇ ಬೀದಿಗಿಳಿದಷ್ಟು ಗಲಾಟೆ ಮಾಡಿದರು. "ನೀಲಿ ಸತ್ತಿತು" ಅನ್ನುವ ದೂರು. ಬಣ್ಣ ಬದಲಾಗಿದೆ ಅಂತ ಹೇಳಿದವರಲ್ಲಿ ಬರೀ ಭಾವುಕರು ಇರಲಿಲ್ಲ. ಜೀವನವಿಡೀ ಬಣ್ಣ ನೋಡಿಕೊಂಡು ಬಂದವರೂ ಇದ್ದರು.

ಕುಲುಮೆ:
ಆ ರಾಳದ ವಿಷಯದಲ್ಲಿ ನಾನು ನಿಮ್ಮ ಪಕ್ಷ. ಹಳೇ ಗಾಜಿಗೆ ಏನನ್ನೂ ಅಂಟಿಸಬಾರದು. ಈಗ ಮಾಡುವ ವಿಧಾನ ಬೇರೆ. ಹಳೇ ಕಿಟಕಿಯನ್ನು ಸ್ವಲ್ಪ ಒಳಕ್ಕೆ ಸರಿಸಿ, ಅದರ ಜಾಗದಲ್ಲಿ ಹೊರಗಡೆ ಹೊಸ ಗಾಜು ಕೂರಿಸುತ್ತಾರೆ. ಮಧ್ಯೆ ಗಾಳಿ ಆಡುತ್ತದೆ. ಮಳೆ, ಹೊಗೆ ಹೊಸ ಗಾಜಿಗೆ. ನೀರು ಹನಿಗಟ್ಟುವುದೂ ಅದರ ಮೇಲೆ. ಮುಂದೆ ಬೇಡ ಅನ್ನಿಸಿದರೆ ತೆಗೆಯಬಹುದು. ಗೋಡೆಗೆ ಹಾಗೆ ತೆಗೆಯೋಕೆ ಬರಲ್ಲ, ಒಪ್ಪುತ್ತೇನೆ. ಆದರೂ ಮಸಿಯನ್ನು ಪರಂಪರೆ ಅಂತ ಕರೆಯೋಕೆ ನನಗೆ ಮನಸ್ಸಿಲ್ಲ.

ಕಣ್ಣಿನ ಡಾಕ್ಟರ್:
ಕಣ್ಣಿನ ಲೆಕ್ಕದಲ್ಲಿ ಮೇಡಂ ಹೇಳಿದ್ದು ನಿಜ. ಸುತ್ತ ಬೆಳಕಿದ್ದರೆ ಕಿಟಕಿಯ ಹೊಳಪು ಕಡಿಮೆ ಅನ್ನಿಸುತ್ತದೆ. ಅದು ಬೇಕಿತ್ತೋ ಬೇಡವಾಗಿತ್ತೋ ಅನ್ನೋದನ್ನು ಕಣ್ಣು ಹೇಳಲ್ಲ.

ನಿರ್ವಾಹಕ:
ಚರ್ಚೆ ಚೆನ್ನಾಗಿದೆ. ಕೆಲವರು ದೇವಸ್ಥಾನ, ಮಸೀದಿ, ಚರ್ಚ್ ಅಂತ ಬೇರೆ ಜಗಳ ಶುರು ಮಾಡಿದ ಕಾಮೆಂಟ್‌ಗಳನ್ನು ತೆಗೆದಿದ್ದೇನೆ. ಗಾಜಿನ ಬಗ್ಗೆ ಮಾತಾಡಿ.

ದೇವರಾಜ ಮಾರ್ಕೆಟ್:
ಇದೇ ಥರದ ಗಲಾಟೆ ಪ್ಯಾರಿಸ್ಸಿನ ನೋತ್ರದಾಮ್ ಕ್ಯಾಥೆಡ್ರಲ್‌ನಲ್ಲೂ ನಡೆಯುತ್ತಿದೆಯಂತಲ್ಲ? ಬೆಂಕಿಯಲ್ಲಿ ಕಿಟಕಿಗಳು ಹೋದವಾ?

ಸೀನ್ ನದಿ ದಂಡೆ:
ಹೋಗಲಿಲ್ಲ, ಜಗಳವೇ ಅದಕ್ಕೆ. 2019ರ ಬೆಂಕಿಯಲ್ಲಿ ಛಾವಣಿ, ಶಿಖರ ಹೋಯಿತು. ಮೂರೂ ದೊಡ್ಡ ಗುಲಾಬಿಗಳು ಉಳಿದವು. ದಕ್ಷಿಣದ ಪಕ್ಕದ ಸಾಲಿನ ಚಾಪೆಲ್‌ಗಳಲ್ಲಿ (ಸಣ್ಣ ಪ್ರಾರ್ಥನಾ ಕೋಣೆಗಳು) 19ನೇ ಶತಮಾನದ ಕಿಟಕಿಗಳಿವೆ. ಆಗ ನೋತ್ರದಾಮ್ ದುರಸ್ತಿ ಮಾಡಿಸಿದ ವಾಸ್ತುಶಿಲ್ಪಿ ವಯೊಲೆ ಲ ದ್ಯುಕ್ ಮಾಡಿಸಿದ್ದು. ಜನರ ಚಿತ್ರ ಇಲ್ಲ, ಬರೀ ವಿನ್ಯಾಸ. ಅವಕ್ಕೂ ಏನೂ ಆಗಲಿಲ್ಲ. ಅದರಲ್ಲಿ ಆರನ್ನು ತೆಗೆದು ನಮ್ಮ ಕಾಲದ ಕಿಟಕಿ ಹಾಕಬೇಕು ಅಂತ ಅಧ್ಯಕ್ಷ ಮಾಕ್ರೋನ್ ಹೊರಟರು. 2024ರಲ್ಲಿ ಪರಂಪರೆಯ ರಾಷ್ಟ್ರೀಯ ಆಯೋಗ ಒಕ್ಕೊರಲಿನಿಂದ ಬೇಡ ಅಂದಿತು. ಆದರೂ ಅದೇ ಡಿಸೆಂಬರ್‌ನಲ್ಲಿ ಕ್ಲೇರ್ ತಬುರೆ ಅನ್ನುವ ಕಲಾವಿದೆಯನ್ನು ಆರಿಸಿದರು. ಗಾಜಿನ ಕೆಲಸ ರ‍್ಹ್ಯಾನ್ಸ್ ಊರಿನ ಸಿಮೋನ್ ಮಾರ್ಕ್ ಕಾರ್ಯಾಗಾರದ್ದು. ಹಿಂದೆ ರ‍್ಹ್ಯಾನ್ಸ್ ಕ್ಯಾಥೆಡ್ರಲ್‌ಗೆ ಚಿತ್ರಕಾರ ಶಗಾಲ್‌ನ ಕಿಟಕಿಗಳನ್ನು ಮಾಡಿಕೊಟ್ಟವರೂ ಅವರೇ.

ಕುಲುಮೆ:
ಇದು ಮಾತ್ರ ನನಗೂ ಹಿಡಿಸಲಿಲ್ಲ. ಗಾಜು ಒಡೆದಿದ್ದರೆ ಹೊಸತು ಹಾಕಿ, ಯಾರು ಬೇಡ ಅಂದರು? ಗಟ್ಟಿಯಾಗಿರುವುದನ್ನು ಯಾಕೆ ಕೀಳಬೇಕು?

ಬಂದರು ಬದಿ:
ಶಾರ್ತ್ರದಲ್ಲಿ ಮರಿಯಮ್ಮನ ಸುತ್ತ ಹೊಸ ದೇವದೂತರನ್ನು ಕೂರಿಸಿದಾಗಲೂ ಯಾರೋ ಒಬ್ಬ ಮುದುಕ "ಹಳೆಯದೇ ಚೆನ್ನಾಗಿತ್ತು" ಅಂತ ಗೊಣಗಿರುತ್ತಾನೆ ಬಿಡಿ ಮಾರಾಯ್ರೆ.

ಕುಲುಮೆ:
ಅವಳನ್ನು ಕಿತ್ತು ಮ್ಯೂಸಿಯಂಗೆ ಕಳಿಸಲಿಲ್ಲ, ನಡುವೆ ಕೂರಿಸಿದರು. ಅದು ಬೇರೆ, ಇದು ಬೇರೆ.

ದಾರಿಹೋಕ:
ಜಗಳ ಆಡಿ, ನಾನು ಓದುತ್ತಿರುತ್ತೇನೆ. ಈ ಸೀಸ, ಗೆರೆ, ಗುಳಿ ಇದನ್ನೆಲ್ಲ ಹತ್ತಿರದಿಂದ ನೋಡೋಕೆ ಆಗುತ್ತಾ? ಎಲ್ಲವೂ ಎತ್ತರದಲ್ಲಿ ಇರುತ್ತದಲ್ಲ.

ಸೀನ್ ನದಿ ದಂಡೆ:
ಆಗುತ್ತದೆ. ಕ್ಯಾಥೆಡ್ರಲ್ ಪಕ್ಕದಲ್ಲೇ, ಪಾದ್ರಿಗಳು ಬೆಳೆಯ ಹತ್ತರಲ್ಲೊಂದು ಪಾಲಾಗಿ ಬಂದ ದವಸ ಕೂಡಿಡುತ್ತಿದ್ದ ಹಳೇ ಕಣಜದಲ್ಲಿ ಬಣ್ಣದ ಗಾಜಿನ ಕೇಂದ್ರ ಇದೆ. 1980ರಿಂದ ನಡೆಯುತ್ತಿದೆ. ಪ್ರದರ್ಶನಕ್ಕೆ ಇಟ್ಟ ಗಾಜನ್ನು ಕಣ್ಣಿನ ಮಟ್ಟದಲ್ಲೇ ನೋಡಬಹುದು. ಅಲ್ಲಿ ಟಿಕೆಟ್ ಇದೆ. ಹೋಗುವ ಮೊದಲು ತೆರೆದಿದೆಯಾ ಅಂತ ಅವರ ಜಾಲತಾಣದಲ್ಲಿ ನೋಡಿಕೊಳ್ಳಿ. ಮೊದಲು ಅಲ್ಲಿಗೆ, ಆಮೇಲೆ ಕ್ಯಾಥೆಡ್ರಲ್‌ಗೆ. ಮಧ್ಯಾಹ್ನದ ಊಟ ಬೇಗ ಮುಗಿಸಿ, ಆ ಊರಲ್ಲಿ ಎರಡು ಗಂಟೆ ದಾಟಿದರೆ ಹೋಟೆಲಿನಲ್ಲಿ ಅಡುಗೆಮನೆ ಮುಚ್ಚಿರುತ್ತಾರೆ.

ಕುಲುಮೆ:
ಹೋಗಿ ಬಂದ ಮೇಲೆ ಗೋಡೆ ಬಗ್ಗೆ ಯಾರ ಪಕ್ಷ ಅಂತ ಇಲ್ಲೇ ಬರೆಯಿರಿ. ಮೇಡಂ ಪಕ್ಷ ಅಂದರೂ ಬೇಜಾರಿಲ್ಲ.